ಹಿಂಸೆ ಇಲ್ಲದೆ ಸಮಾಜ ಬದಲಾಗುತ್ತಾ? ಕಾಗೋಡು ಸತ್ಯಾಗ್ರಹದ ಸುತ್ತ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಚರ್ಚೆ ಎಲ್ಲೇ ಶುರುವಾದರೂ ಐದು ನಿಮಿಷದಲ್ಲಿ ಗಾಂಧಿ ದೊಡ್ಡವರೋ ಭಗತ್ ಸಿಂಗ್ ದೊಡ್ಡವರೋ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಹೋಗುವುದೇ ಇಲ್ಲ. ಅದಕ್ಕೇ ಇಲ್ಲಿ ಆ ಇಬ್ಬರನ್ನೂ ಬದಿಗಿಟ್ಟು, ಶಿವಮೊಗ್ಗ ಜಿಲ್ಲೆಯ ಒಂದು ಸಣ್ಣ ಊರಿನ ಗದ್ದೆ ಜಗಳವನ್ನು ಹಿಡಿದುಕೊಂಡಿದ್ದೇನೆ. ಅಹಿಂಸೆಯ ತಾಕತ್ತು ನೋಡಬೇಕಿದ್ದರೆ ಭೂಮಿಯ ವಿಚಾರದಲ್ಲೇ ನೋಡಬೇಕು. ಮನಸ್ಸು ಬದಲಾಯಿಸಿಕೊಳ್ಳಿ ಎಂದರೆ ಕೆಲವರಾದರೂ ಬದಲಾಯಿಸಿಕೊಳ್ಳುತ್ತಾರೆ. ಎಕರೆ ಬಿಟ್ಟುಕೊಡಿ ಎಂದರೆ ಯಾರೂ ಸುಮ್ನೆ ಬಿಡುವುದಿಲ್ಲ.

ಸುತ್ತಿ ಬಳಸಿ ಬೇಡ. ಹಿಂಸೆ ಇಲ್ಲದೆ ನಿಜವಾದ ಬದಲಾವಣೆ ಆಗುತ್ತದೋ ಇಲ್ಲವೋ?

ಆಗುತ್ತದೆ. ಆದರೆ ಪುಕ್ಕಟೆ ಆಗುವುದಿಲ್ಲ, ಬೇಗ ಆಗುವುದಿಲ್ಲ, ಎಲ್ಲರಿಗೂ ಒಂದೇ ಸಮ ಆಗುವುದಿಲ್ಲ. ಇನ್ನೊಂದು ಮಾತು. ನಾವು ಒಳ್ಳೆಯವರು ಎಂಬ ಕಾರಣಕ್ಕೆ ಅಹಿಂಸೆ ಗೆಲ್ಲುವುದಿಲ್ಲ. ಎದುರಿನವರಿಗೆ ಬೇಕೇ ಬೇಕಾದ ಏನೋ ಒಂದು ನಮ್ಮ ಕೈಯಲ್ಲಿದ್ದು, ಅದನ್ನು ನಾವು ಕೊಡುವುದಿಲ್ಲ ಎಂದಾಗ ಗೆಲ್ಲುತ್ತದೆ. ಕೆಳಗಿನ ಉತ್ತರಗಳೆಲ್ಲ ಹೆಚ್ಚುಕಮ್ಮಿ ಇದೇ ಮಾತಿನ ಸುತ್ತ ತಿರುಗುತ್ತವೆ.

ಕಾಗೋಡಿನಲ್ಲಿ ನಡೆದದ್ದಾದರೂ ಏನು?

ಕಾಗೋಡು ಸಾಗರ ತಾಲ್ಲೂಕಿನ ಹಳ್ಳಿ. 1951ರಲ್ಲಿ ಅಲ್ಲಿನ ಗದ್ದೆಗಳು ಒಡೆಯರ ಕೈಯಲ್ಲಿದ್ದವು. ಉಳುತ್ತಿದ್ದವರು ಗೇಣಿದಾರರು. ಮಲೆನಾಡಿನ ಮಾತಿನಲ್ಲಿ ಹೇಳುವುದಾದರೆ ಒಕ್ಕಲುಗಳು. ಅವರಲ್ಲಿ ಹೆಚ್ಚಿನವರು ಆ ಭಾಗದ ಹಿಂದುಳಿದ ಸಮುದಾಯವಾದ ದೀವರು. ಬೆಳೆದ ಭತ್ತದಲ್ಲಿ ದೊಡ್ಡ ಪಾಲು ಗೇಣಿಗೆ ಹೋಗುತ್ತಿತ್ತು. ಅದರ ಮೇಲೆ ಒಡೆಯರ ಮನೆಯಲ್ಲಿ ಬಿಟ್ಟಿ ಚಾಕರಿ. ಧಣಿಗಳ ಎದುರು ಪಂಚೆ ಮೊಣಕಾಲಿನಿಂದ ಕೆಳಗೆ ಇಳಿಯುವಂತಿರಲಿಲ್ಲ. ಇಷ್ಟಾದರೂ ಈ ಗದ್ದೆ ನಾನು ಉಳುತ್ತಿದ್ದೇನೆ ಎಂದು ತೋರಿಸಲು ಕೈಯಲ್ಲಿ ಒಂದು ತುಂಡು ಕಾಗದ ಇರಲಿಲ್ಲ.

ಒಕ್ಕಲುಗಳನ್ನು ಒಟ್ಟು ಮಾಡಿದವರು ಎಚ್. ಗಣಪತಿಯಪ್ಪ. ಅವರು ಮೊದಲು ಶಾಲೆ ಮಾಸ್ತರರಾಗಿದ್ದವರು. ಹಳ್ಳಿ ಹಳ್ಳಿ ತಿರುಗಿ ರೈತ ಸಂಘ ಕಟ್ಟಿದರು. ಒಕ್ಕಲುಗಳು ಎದುರು ನಿಂತಾಗ ಒಡೆಯರು ಅವರನ್ನು ಗದ್ದೆಯಿಂದ ಬಿಡಿಸಿದರು. 1951ರ ಏಪ್ರಿಲ್‌ನಲ್ಲಿ ಒಕ್ಕಲುಗಳು ನೇಗಿಲು ಹೊತ್ತು ಅದೇ ಗದ್ದೆಗೆ ಇಳಿದರು. ಪೊಲೀಸರು ಹಿಡಿದರು, ಹೊಡೆದರು, ಜೈಲಿಗೆ ಕಳಿಸಿದರು. ಮಾರನೆಯ ದಿನ ಇನ್ನೊಂದು ತಂಡ ಇಳಿಯಿತು. ಸಮಾಜವಾದಿ ಪಕ್ಷ ಬೆನ್ನಿಗೆ ನಿಂತಿತು. ಶಾಂತವೇರಿ ಗೋಪಾಲಗೌಡರು ಮುಂದಾಳಾದರು. ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದರು, ಅವರನ್ನೂ ಬಂಧಿಸಿದರು. ಸಾಗರದ ಗದ್ದೆ ಜಗಳ ದೇಶಕ್ಕೆ ಸುದ್ದಿಯಾದದ್ದು ಆಗ.

ಇಷ್ಟೆಲ್ಲ ಶುರುವಾದದ್ದು ಒಂದು ಕೊಳಗದಿಂದ ಅಂತಾರಲ್ಲ, ನಿಜವಾ?

ನಿಜ. ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದೂ ಅದೇ.

ಕಣದಲ್ಲಿ ಗೇಣಿ ಭತ್ತ ಅಳೆಯುವುದು ಕೊಳಗದಲ್ಲಿ. ಆ ಕೊಳಗ ಒಡೆಯರ ಮನೆಯದ್ದು. ವಾಡಿಕೆಯ ಕೊಳಗಕ್ಕಿಂತ ಅದು ದೊಡ್ಡದು. ಇಷ್ಟು ಕೊಳಗ ಗೇಣಿ ಎಂದು ಮಾತಾಗಿದ್ದರೆ ಲೆಕ್ಕ ಅಷ್ಟೇ ಬರುತ್ತದೆ, ಭತ್ತ ಮಾತ್ರ ಜಾಸ್ತಿ ಹೋಗುತ್ತದೆ. ಎಣಿಸುವಾಗ ಯಾರಿಗೂ ತಪ್ಪು ಕಾಣಿಸುವುದಿಲ್ಲ. ಮನೆಗೆ ಬಂದು ಉಳಿದ ಭತ್ತ ನೋಡಿದಾಗ ಗೊತ್ತಾಗುತ್ತದೆ.

ಒಕ್ಕಲುಗಳು ಮೊದಲ ದಿನವೇ ಭೂಮಿ ನಮ್ಮದು ಎನ್ನಲಿಲ್ಲ. ಅಳತೆ ಸರಿ ಮಾಡಿ ಎಂದರು. ಬಿಟ್ಟಿ ಮಾಡುವುದಿಲ್ಲ ಎಂದರು. ಇಷ್ಟು ಚಿಕ್ಕ ಬೇಡಿಕೆಗೆ ಇಲ್ಲ ಎನ್ನುವುದು ಒಡೆಯರಿಗೂ ಕಷ್ಟವಾಗಬೇಕಿತ್ತು. ಆದರೂ ಅವರು ಇಲ್ಲ ಎಂದರು, ಏಕೆಂದರೆ ಕೊಳಗ ಬದಲಾದರೆ ಮುಂದೆ ಇನ್ನೇನೇನು ಬದಲಾಗುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಒಂದು ವಿಷಯದಲ್ಲಿ ಅವರ ಅಂದಾಜು ಸರಿಯಾಗಿಯೇ ಇತ್ತು ಎಂದು ಒಪ್ಪಿಕೊಳ್ಳಬೇಕು.

ಹಿಂಸೆ ಎಂದರೆ ಬರೀ ಕತ್ತಿ ಕೋವಿ ಅಂದುಕೊಂಡವರು ಈ ಕೊಳಗವನ್ನು ಒಮ್ಮೆ ನೆನೆಸಿಕೊಳ್ಳಬೇಕು. ಅಲ್ಲಿ ರಕ್ತ ಬೀಳಲಿಲ್ಲ. ಆದರೆ ಪ್ರತಿ ಸುಗ್ಗಿಯಲ್ಲೂ ಒಂದು ಮನೆಯ ಊಟ ಇನ್ನೊಂದು ಮನೆಯ ಕಣಜ ಸೇರುತ್ತಿತ್ತು. ‘ಊರು ಶಾಂತವಾಗಿತ್ತು, ಈ ಹೋರಾಟದವರು ಬಂದು ಕೆಡಿಸಿದರು’ ಎಂಬ ಮಾತು ಎಲ್ಲ ಊರಲ್ಲೂ ಕೇಳಿಬರುತ್ತದೆ. ಯಾರ ಮನೆಯ ಶಾಂತಿ ಎಂದು ಕೇಳಿದರೆ ಮಾತ್ರ ಉತ್ತರ ಬರುವುದಿಲ್ಲ.

ಹಾಗಾದರೆ ರೈತರು ಗೆದ್ದರಾ?

1951ರಲ್ಲಿ? ಇಲ್ಲ. ಸತ್ಯಾಗ್ರಹ ತಣ್ಣಗಾಯಿತು, ಗದ್ದೆ ಒಕ್ಕಲುಗಳ ಹೆಸರಿಗೆ ಬರಲಿಲ್ಲ. ಆ ವರ್ಷವೇ ಯಾರಾದರೂ ವರದಿ ಬರೆದಿದ್ದರೆ ‘ವಿಫಲ’ ಎಂದೇ ಬರೆಯುತ್ತಿದ್ದರು.

ಆದರೆ 1952ರಲ್ಲಿ ಮೊದಲ ಮಹಾಚುನಾವಣೆ ಬಂತು. ಗೋಪಾಲಗೌಡರು ಮೈಸೂರು ವಿಧಾನಸಭೆಗೆ ಗೆದ್ದು ಹೋದರು. ಗದ್ದೆಯಲ್ಲಿ ಶುರುವಾದ ಮಾತು ಸದನಕ್ಕೆ ಹೋಯಿತು. ಅದೇ ವರ್ಷ ಗೇಣಿದಾರರ ರಕ್ಷಣೆಗೆ ಒಂದು ಕಾಯ್ದೆ ಬಂತು. ಆಮೇಲೆ 1961ರ ಭೂಸುಧಾರಣಾ ಕಾಯ್ದೆ, ಅದು ಜಾರಿಯಾದದ್ದು 1965ರಲ್ಲಿ. ಈ ಕಾಯ್ದೆಗಳಲ್ಲಿ ದೊಡ್ಡ ದೊಡ್ಡ ತೂತುಗಳಿದ್ದವು. ಸ್ವಂತ ಸಾಗುವಳಿಗೆ ಬೇಕು ಎಂದು ಹೇಳಿ ಒಡೆಯರು ಭೂಮಿ ವಾಪಸ್ ಪಡೆಯಬಹುದಿತ್ತು. ಎಷ್ಟೋ ಒಕ್ಕಲುಗಳು ಕಾಯ್ದೆ ಬಂದ ಮೇಲೆಯೇ ಗದ್ದೆ ಕಳೆದುಕೊಂಡರು. ಅರೆಬರೆ ಸುಧಾರಣೆ ಕೆಲವೊಮ್ಮೆ ಏನೂ ಮಾಡದಿರುವುದಕ್ಕಿಂತ ಕೆಟ್ಟದ್ದು.

ನಿಜವಾದ ತಿರುವು ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ ಬಂತು. 1974ರ ಮಾರ್ಚ್ 1ರಿಂದ ಗೇಣಿ ಭೂಮಿ ಎಲ್ಲ ಸರ್ಕಾರಕ್ಕೆ ಸೇರಿತು. ಉಳುವವರು ಫಾರಂ 7 ತುಂಬಿ ಅರ್ಜಿ ಹಾಕಬೇಕು. ಅದನ್ನು ತೀರ್ಮಾನಿಸಲು ತಾಲ್ಲೂಕುಗಳಲ್ಲಿ ಭೂ ನ್ಯಾಯಮಂಡಳಿ. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಜೊತೆಗೆ ಸರ್ಕಾರ ನೇಮಿಸಿದ ಸ್ಥಳೀಯ ಸದಸ್ಯರು. ಶುರುವಿನಲ್ಲಿ ವಕೀಲರಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ. ಇದು ಸಣ್ಣ ವಿಷಯ ಅಲ್ಲ. ರಸೀದಿ ಇಲ್ಲದ, ಓದು ಬಾರದ ಒಕ್ಕಲು ತನ್ನ ಬಾಯಿಂದಲೇ ಹೇಳಬಹುದಿತ್ತು, ಅಕ್ಕಪಕ್ಕದ ಗದ್ದೆಯವರು ಬಂದು ಸಾಕ್ಷಿ ನುಡಿಯಬಹುದಿತ್ತು. ಲಕ್ಷಾಂತರ ಅರ್ಜಿಗಳು ಬಂದವು. ಮಲೆನಾಡು, ಕರಾವಳಿಯಲ್ಲಿ ಸಾವಿರಾರು ಮನೆಗಳ ಹಣೆಬರಹ ಬದಲಾಯಿತು. ಆ ಭಾಗದವರ ಮನೆಗೆ ಹೋದರೆ ಅಜ್ಜನ ಡಿಕ್ಲರೇಷನ್ (ಆ ಫಾರಂ 7 ಅರ್ಜಿ) ಕಥೆ ಈಗಲೂ ಕೇಳಬಹುದು.

ಗೋಪಾಲಗೌಡರು ಇದನ್ನು ನೋಡಲಿಲ್ಲ. ಅವರು 1972ರ ಜೂನ್‌ನಲ್ಲೇ ತೀರಿಕೊಂಡರು.

ನೇಗಿಲು ಹೊತ್ತದ್ದು 1951ರಲ್ಲಿ, ಗದ್ದೆ ಸಿಕ್ಕಿದ್ದು 1974ರ ನಂತರ. ಬಂದೂಕು ಹಿಡಿದಿದ್ದರೆ ಬೇಗ ಆಗುತ್ತಿರಲಿಲ್ಲವಾ?

ಇದು ಬರೀ ಊಹೆಯ ಪ್ರಶ್ನೆ ಅಲ್ಲ. ಬಂದೂಕು ಹಿಡಿದವರು ಪಕ್ಕದಲ್ಲೇ ಇದ್ದರು.

ಹೈದರಾಬಾದ್ ಸಂಸ್ಥಾನದ ತೆಲಂಗಾಣದಲ್ಲಿ 1946ರಿಂದ ಕಮ್ಯುನಿಸ್ಟರ ನೇತೃತ್ವದಲ್ಲಿ ರೈತರು ಎದ್ದಿದ್ದರು. ಅಲ್ಲಿಯ ದೇಶಮುಖರ ಮುಂದೆ ನಮ್ಮ ಮಲೆನಾಡಿನ ಒಡೆಯರು ಪಾಪದವರು ಅನಿಸಬೇಕು. ಸಾವಿರಾರು ಎಕರೆಯ ಜಮೀನ್ದಾರಿಕೆ, ವೆಟ್ಟಿ ಎಂಬ ಬಿಟ್ಟಿ ದುಡಿಮೆ. ಮಡಿವಾಳರ ಮನೆಯ ಚಿಟ್ಯಾಲ ಐಲಮ್ಮ ತಾನು ಉಳುತ್ತಿದ್ದ ಭೂಮಿ ಬಿಡುವುದಿಲ್ಲ ಎಂದು ದೇಶಮುಖನ ಎದುರು ನಿಂತದ್ದು ಅಲ್ಲೇ. ಹಳ್ಳಿಗಳಲ್ಲಿ ದಳಗಳು, ಅಂದರೆ ಹೋರಾಟಗಾರರ ಸಶಸ್ತ್ರ ತಂಡಗಳು, ಭೂಮಿ ಹಂಚಿದವು. ಪಕ್ಷದವರು ಕೊಡುವ ಲೆಕ್ಕದ ಪ್ರಕಾರ ಸುಮಾರು 3,000 ಹಳ್ಳಿ, 10 ಲಕ್ಷ ಎಕರೆ. ಸತ್ತ ಕಾರ್ಯಕರ್ತರು ಮತ್ತು ರೈತರು ಸುಮಾರು 4,000. 1948ರ ಸೆಪ್ಟೆಂಬರ್‌ನಲ್ಲಿ ಭಾರತದ ಸೈನ್ಯ ಬಂತು. ನಿಜಾಮನ ಆಳ್ವಿಕೆ ಮುಗಿಯಿತು. ಆದರೆ ಸೈನ್ಯ ಅಲ್ಲಿಗೇ ನಿಲ್ಲಲಿಲ್ಲ, ದಳಗಳ ಮೇಲೆ ತಿರುಗಿತು. ಓಡಿಹೋಗಿದ್ದ ಎಷ್ಟೋ ದೇಶಮುಖರು ವಾಪಸ್ ಬಂದು ಹಂಚಿದ್ದ ಭೂಮಿಯನ್ನು ಮತ್ತೆ ಹಿಡಿದರು. 1951ರ ಅಕ್ಟೋಬರ್‌ನಲ್ಲಿ ಪಕ್ಷವೇ ಹೋರಾಟ ಕೈಬಿಟ್ಟಿತು. ಕಾಗೋಡಿನವರು ಗದ್ದೆಗಿಳಿದ ವರ್ಷವೇ.

ಹಾಗಂತ ತೆಲಂಗಾಣದ ಹೋರಾಟದಿಂದ ಏನೂ ಆಗಲಿಲ್ಲ ಎಂದರೆ ಅದು ಸುಳ್ಳು. 1949ರಲ್ಲಿ ಜಾಗೀರು ರದ್ದಾಯಿತು. 1950ರಲ್ಲಿ ಗೇಣಿ ಕಾಯ್ದೆ ಬಂತು. ನಮ್ಮ ಕಲಬುರಗಿ, ರಾಯಚೂರು, ಬೀದರ್ ಕೂಡ ಆಗ ಅದೇ ಸಂಸ್ಥಾನದಲ್ಲಿದ್ದವು. ಬಂದೂಕಿನ ಭಯ ಇಲ್ಲದೆ ಸರ್ಕಾರ ಅಷ್ಟು ಬೇಗ ಅಲುಗುತ್ತಿತ್ತಾ? ನನಗೆ ಅನುಮಾನ. ಇನ್ನೂ ಮುಂದೆ ಹೋಗಿ ಹೇಳಬೇಕೆಂದರೆ, ಭೂಮಿ ಹಂಚದಿದ್ದರೆ ತೆಲಂಗಾಣದಲ್ಲಿ ಆದದ್ದು ಇಲ್ಲೂ ಆಗಬಹುದು ಎಂಬ ಅಂಜಿಕೆ ಆ ಕಾಲದ ಎಲ್ಲ ಸರ್ಕಾರಗಳಿಗೂ ಇತ್ತು. ಶಾಂತವಾಗಿ ಕೇಳುವವರ ಮಾತಿಗೆ ಬೆಲೆ ಬಂದದ್ದರಲ್ಲಿ ಅದರ ಪಾಲೂ ಇದೆ. ಅಹಿಂಸೆಯ ಪರ ಮಾತಾಡುವವರು ಈ ಸಾಲವನ್ನು ಸಾಮಾನ್ಯವಾಗಿ ಒಪ್ಪಿಕೊಳ್ಳುವುದಿಲ್ಲ. ಒಪ್ಪಿಕೊಳ್ಳುವುದು ಒಳ್ಳೆಯದು.

ಆದರೂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ವ್ಯತ್ಯಾಸ ಕಾಣುತ್ತದೆ. ತೆಲಂಗಾಣದಲ್ಲಿ ಭೂಮಿ ಬಂದದ್ದು ದಳದ ಬಲದಿಂದ. ದಳ ಹೋದಾಗ ಭೂಮಿಯೂ ಹೋಯಿತು. ಕಾಗೋಡಿನ ದಾರಿಯಲ್ಲಿ ಭೂಮಿ ಬರಲು ತುಂಬಾ ತಡವಾಯಿತು, ಆದರೆ ಪಹಣಿಯಲ್ಲಿ ಹೆಸರು ಬಿದ್ದ ಮೇಲೆ ಅದನ್ನು ಕಿತ್ತುಕೊಳ್ಳಲು ಒಡೆಯರಿಗೆ ಆಗಲಿಲ್ಲ. ನಿಜಾಮನ ರಾಜ್ಯದಲ್ಲಿ ಓಟು ಇರಲಿಲ್ಲ, ಮೈಸೂರಿನಲ್ಲಿ ಚುನಾವಣೆ ಎದುರಿಗೇ ಇತ್ತು ಎಂಬುದನ್ನೂ ಮರೆಯಬಾರದು. ನಿಜಾಮನ ಪರದ ಸಶಸ್ತ್ರ ಪಡೆಯಾದ ರಜಾಕಾರರ ಎದುರು ನೇಗಿಲು ಹೊತ್ತು ನಿಲ್ಲಿ ಎಂದು ಐಲಮ್ಮನಿಗೆ ಹೇಳುವ ಧೈರ್ಯ ನನಗಂತೂ ಇಲ್ಲ.

ಭೂದಾನ ಚಳವಳಿ ಇತ್ತಲ್ಲ? ಅದು ಇನ್ನೂ ಶಾಂತ ದಾರಿ ಅಲ್ವಾ?

ಶಾಂತ ನಿಜ. ಅದೇ 1951ರ ಏಪ್ರಿಲ್‌ನಲ್ಲಿ, ಅದೇ ತೆಲಂಗಾಣದ ಪೋಚಂಪಲ್ಲಿಯಲ್ಲಿ ಅದು ಶುರುವಾಯಿತು. ದಲಿತರು ವಿನೋಬಾ ಭಾವೆಯವರ ಬಳಿ ಭೂಮಿ ಕೇಳಿದರು, ಅಲ್ಲೇ ಇದ್ದ ಜಮೀನ್ದಾರರೊಬ್ಬರು 100 ಎಕರೆ ಕೊಟ್ಟರು. ಮುಂದೆ ದೇಶದಾದ್ಯಂತ 40 ಲಕ್ಷ ಎಕರೆಗಿಂತ ಜಾಸ್ತಿ ದಾನದ ಮಾತು ಬಂತು. ಅದರಲ್ಲಿ ಕಲ್ಲು ಬಂಡೆ ಎಷ್ಟೋ, ಕೋರ್ಟಿನಲ್ಲಿದ್ದ ಜಮೀನು ಎಷ್ಟೋ. ಹಂಚಿಕೆಯಾದದ್ದು ತುಂಬಾ ಕಡಿಮೆ. ಕೊಡುವವರ ಮನಸ್ಸಿನ ಮೇಲೆ ನಿಂತ ಬದಲಾವಣೆ ಕೊಡುವವರಿಗೆ ಬೇಡವಾದ ಭೂಮಿಯ ತನಕ ಮಾತ್ರ ಹೋಗುತ್ತದೆ.

ಈಸೂರಿನವರು ತಿರುಗಿ ಹೊಡೆದರು. ಅವರನ್ನು ನಾವು ಹುತಾತ್ಮರು ಅನ್ನುತ್ತೇವೆ. ಅದೂ ನಿಮ್ಮ ಶಿವಮೊಗ್ಗವೇ ತಾನೇ?

ಅದೂ ಶಿವಮೊಗ್ಗವೇ, ಶಿಕಾರಿಪುರ ತಾಲ್ಲೂಕು. 1942ರ ಕ್ವಿಟ್ ಇಂಡಿಯಾ ದಿನಗಳಲ್ಲಿ ಈಸೂರಿನವರು ಕಂದಾಯ ಕೊಡುವುದಿಲ್ಲ ಎಂದು ತಮ್ಮದೇ ಸರ್ಕಾರ ಘೋಷಿಸಿದರು. ಹುಡುಗರನ್ನೇ ಅಮಲ್ದಾರ (ತಾಲ್ಲೂಕಿನ ಕಂದಾಯ ಅಧಿಕಾರಿ), ಸಬ್ ಇನ್ಸ್‌ಪೆಕ್ಟರ್ ಎಂದು ಕೂರಿಸಿದರು. ನನಗೆ ಈ ಭಾಗ ಬಹಳ ಇಷ್ಟ. ಆಳುವವರನ್ನು ಗೇಲಿ ಮಾಡುವುದಕ್ಕಿಂತ ಚೂಪಾದ ಆಯುಧ ಅವರ ಬಳಿ ಬೇರೆ ಇರಲಿಲ್ಲ, ಅದಕ್ಕೆ ಒಂದು ಹನಿ ರಕ್ತವೂ ಬೇಕಾಗಲಿಲ್ಲ.

ಸೆಪ್ಟೆಂಬರ್ 28ರಂದು ನಿಜವಾದ ಅಮಲ್ದಾರರು ಪೊಲೀಸರ ಜೊತೆ ಬಂದರು. ಮಾತಿಗೆ ಮಾತು ಬೆಳೆಯಿತು, ಗಲಾಟೆಯಲ್ಲಿ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರೂ ಸತ್ತರು. ಆಮೇಲೆ ಊರಿನ ಮೇಲೆ ಸರ್ಕಾರದ ಸಿಟ್ಟು ತಿರುಗಿತು. ಜನ ಕಾಡು ಸೇರಿದರು, ಮನೆಗಳು ಲೂಟಿಯಾದವು, ಹೆಂಗಸರೂ ಜೈಲಿಗೆ ಹೋದರು. 1943ರ ಮಾರ್ಚ್‌ನಲ್ಲಿ ಐವರನ್ನು ಗಲ್ಲಿಗೇರಿಸಿದರು.

ಅವರ ತ್ಯಾಗ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸತ್ತ ಆ ಇಬ್ಬರು ಅಧಿಕಾರಿಗಳೂ ಈ ನಾಡಿನವರೇ, ಸಂಬಳಕ್ಕೆ ದುಡಿಯುತ್ತಿದ್ದವರು. ಮತ್ತು ಆ ಎರಡು ಸಾವುಗಳ ನಂತರ ಊರಿನ ಕಂದಾಯ ನಿರಾಕರಣೆ ಉಳಿಯಲಿಲ್ಲ. ಅಲ್ಲಿಯ ತನಕ ಮೈಸೂರು ಸರ್ಕಾರಕ್ಕೆ ಈಸೂರು ಬಿಡಿಸಲಾಗದ ಗಂಟಾಗಿತ್ತು. ಆಮೇಲೆ ಅದೊಂದು ಕೊಲೆ ಕೇಸು. ಕೊಲೆ ಕೇಸನ್ನು ಹೇಗೆ ಮುಗಿಸಬೇಕು ಎಂಬುದು ಎಲ್ಲ ಸರ್ಕಾರಗಳಿಗೂ ಗೊತ್ತು.

ಹಾಗಾದರೆ ಹೊಡೆಸಿಕೊಂಡು ಸುಮ್ಮನಿರಬೇಕು ಅಂತೀರಾ?

ಸುಮ್ಮನಿರುವುದು ಬೇರೆ, ತಿರುಗಿ ಹೊಡೆಯದಿರುವುದು ಬೇರೆ.

1927ರ ಮಾರ್ಚ್ 20ರಂದು ಮಹಾರಾಷ್ಟ್ರದ ಮಹಾಡ್‌ನಲ್ಲಿ ಅಂಬೇಡ್ಕರ್ ಮತ್ತು ಸಾವಿರಾರು ದಲಿತರು ಚವದಾರ್ ಕೆರೆಯ ನೀರು ಕುಡಿದರು. ಅದು ಸಾರ್ವಜನಿಕ ಕೆರೆ, ಕಾಗದದಲ್ಲಿ ಎಲ್ಲರಿಗೂ ತೆರೆದದ್ದು. ವಾಪಸ್ ಹೋಗುತ್ತಿದ್ದವರ ಮೇಲೆ ಸವರ್ಣರು ದೊಣ್ಣೆ ಹಿಡಿದು ಬಿದ್ದರು. ದಲಿತರಲ್ಲಿ ಸೈನ್ಯದಲ್ಲಿ ಇದ್ದು ಬಂದವರಿದ್ದರು, ಹೂಂ ಅಂದರೆ ತಿರುಗಿ ಬೀಳುತ್ತಿದ್ದರು. ಅಂಬೇಡ್ಕರ್ ತಡೆದರು. ಹೇಡಿತನದಿಂದ ಅಲ್ಲ. ತಿರುಗಿ ಹೊಡೆದಿದ್ದರೆ ‘ಎರಡು ಜಾತಿಗಳ ಬಡಿದಾಟ’ ಎಂದು ಕೇಸು ಮುಗಿಯುತ್ತಿತ್ತು, ನೀರಿನ ಪ್ರಶ್ನೆ ಮುಳುಗುತ್ತಿತ್ತು. ಆ ಡಿಸೆಂಬರ್‌ನಲ್ಲಿ ಅದೇ ಊರಿನಲ್ಲಿ ಮನುಸ್ಮೃತಿ ಸುಟ್ಟರು. ಕೆರೆಯ ಕೇಸು ಬಾಂಬೆ ಹೈಕೋರ್ಟ್‌ವರೆಗೆ ಹೋಗಿ 1937ರಲ್ಲಿ ದಲಿತರ ಪರ ತೀರ್ಪು ಬಂತು. ಒಂದು ಬೊಗಸೆ ನೀರಿಗೆ ಹತ್ತು ವರ್ಷ. ಇದನ್ನು ಓದಿ ರಕ್ತ ಕುದಿಯದಿದ್ದರೆ ಆಶ್ಚರ್ಯ.

ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಎಷ್ಟು ಜನ ಸತ್ತರು ಎಂಬುದರಲ್ಲಿ ಸರ್ಕಾರದ ಲೆಕ್ಕ ಬೇರೆ, ಜನರ ಲೆಕ್ಕ ಬೇರೆ. ಆಮೇಲಿನ ಒಪ್ಪಂದದಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಸರ್ಕಾರ ಕಾಂಗ್ರೆಸ್ ಧ್ವಜಕ್ಕೆ ಜಾಗ ಕೊಡಬೇಕಾಯಿತು. ಅಹಿಂಸೆಯ ಹೋರಾಟದಲ್ಲೂ ಜನ ಸಾಯುತ್ತಾರೆ. ಯಾರೂ ಸಾಯುವುದಿಲ್ಲ ಎಂದು ಹೇಳಿ ಯಾರನ್ನೂ ಕರೆದುಕೊಂಡು ಹೋಗಬಾರದು.

ಆಸ್ತಿ ಹಾಳು ಮಾಡುವುದು ಹಿಂಸೆಯೇ?

ಇದಕ್ಕೆ ನಮ್ಮ ರೈತ ಚಳವಳಿಯಲ್ಲೇ ಎರಡು ಉತ್ತರಗಳಿವೆ.

ರೈತ ಸಂಘದ ಎಂ.ಡಿ. ನಂಜುಂಡಸ್ವಾಮಿಯವರ ವಾದ ಹೀಗಿತ್ತು. ಜೀವಕ್ಕೆ ನೋವಾದರೆ ಹಿಂಸೆ, ವಸ್ತುವಿಗೆ ಏನಾದರೂ ಆದರೆ ಅಲ್ಲ. 1992ರ ಕೊನೆಯಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಆಫೀಸಿಗೆ ರೈತರು ನುಗ್ಗಿ ಕಾಗದ ಪತ್ರ ಸುಟ್ಟದ್ದು, ಮರುವರ್ಷ ಬಳ್ಳಾರಿ ಬಳಿ ಅದರ ಘಟಕ ಕೆಡವಿದ್ದು, 1996ರಲ್ಲಿ ಕೆಎಫ್‌ಸಿ ಅಂಗಡಿಯ ಗಾಜು ಒಡೆದದ್ದು ಎಲ್ಲ ಈ ವಾದದ ಮೇಲೆಯೇ.

ಇನ್ನೊಂದು 1987ರಲ್ಲಿ ಕುಸನೂರಿನಲ್ಲಿ ನಡೆದ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ. ಊರಿನ ಗೋಮಾಳದಂಥ ಜಾಗಗಳನ್ನು ನೀಲಗಿರಿ ಬೆಳೆಯಲು ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಕೊಟ್ಟಿದ್ದರು. ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠ ಮತ್ತು ಹಳ್ಳಿಯವರು ಮೊದಲೇ ಹೇಳಿ, ದಿನ ಗೊತ್ತು ಮಾಡಿ ಹೋದರು. ನೀಲಗಿರಿ ಸಸಿ ಕಿತ್ತರು. ಆ ಜಾಗದಲ್ಲಿ ಊರಿಗೆ ಬೇಕಾದ ಮರದ ಸಸಿ ನೆಟ್ಟರು. ಜೊತೆಗೆ ಸುಪ್ರೀಂ ಕೋರ್ಟಿಗೂ ಹೋದರು. ಕೊನೆಗೆ ಆ ಕಂಪನಿ ಮುಚ್ಚಿತು.

ಎರಡೂ ಕಡೆ ಆಸ್ತಿ ಹಾಳಾಗಿದೆ. ನನ್ನ ಮನಸ್ಸು ಕುಸನೂರಿನ ಕಡೆ. ಅಲ್ಲಿ ಯಾರೂ ಮುಖ ಮುಚ್ಚಿಕೊಳ್ಳಲಿಲ್ಲ, ಯಾರೂ ಓಡಲಿಲ್ಲ, ಎದುರಿಗಿದ್ದವರಿಗೆ ಪ್ರಾಣಭಯ ಆಗಲಿಲ್ಲ. ಆಫೀಸಿಗೆ ಗುಂಪು ನುಗ್ಗಿದಾಗ ಒಳಗೆ ಕೂತ ಗುಮಾಸ್ತನಿಗೆ ಇವರು ವಸ್ತುವನ್ನಷ್ಟೇ ಮುಟ್ಟುತ್ತಾರೆ ಎಂದು ಹೇಗೆ ಗೊತ್ತಾಗಬೇಕು? ಇನ್ನು ಬಸ್ಸಿಗೆ ಕಲ್ಲು ತೂರುವುದರ ಬಗ್ಗೆ ಹೇಳುವುದೇ ಬೇಡ. ಅದು ಹೋರಾಟವೂ ಅಲ್ಲ, ಆ ಬಸ್ಸಿನಲ್ಲಿ ಓಡಾಡುವವರು ನಮ್ಮಂಥವರೇ.

ಆದರೆ ಗಲಾಟೆ ಆದಾಗಲೇ ತಾನೇ ಸರ್ಕಾರ ಕೇಳುವುದು? 1980ರ ನರಗುಂದ ನೋಡಿ.

ನೋಡೋಣ. ಮಲಪ್ರಭಾ ನೀರಾವರಿಯ ಹೆಸರಿನಲ್ಲಿ ಅಭಿವೃದ್ಧಿ ಕರ ಹೇರಿದ್ದರು. ನೀರು ಸರಿಯಾಗಿ ಬಂದಿರಲಿಲ್ಲ, ನೋಟಿಸು ಮಾತ್ರ ಬಂದಿತ್ತು. ತಿಂಗಳುಗಟ್ಟಲೆ ಧರಣಿ, ಮನವಿ ಆದವು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಪೊಲೀಸರ ಗುಂಡಿಗೆ ರೈತರು ಬಲಿಯಾದರು, ರೊಚ್ಚಿಗೆದ್ದ ಜನರ ಕೈಯಲ್ಲಿ ಪೊಲೀಸರೂ ಸತ್ತರು. ಆಮೇಲೆ ಸರ್ಕಾರ ಮಣಿಯಿತು. ಹೌದು, ಗಲಾಟೆಯ ನಂತರವೇ.

ಆದರೆ ಸರ್ಕಾರವನ್ನು ನಿದ್ದೆಗೆಡಿಸಿದ್ದು ಆ ಒಂದು ದಿನ ಅಲ್ಲ, ಆಮೇಲಿನ ವರ್ಷಗಳು. ಹಸಿರು ಶಾಲು ಹಾಕಿದ ಜನ ಊರ ಬಾಗಿಲಲ್ಲಿ ಬೋರ್ಡು ನೆಟ್ಟರು: ಅನುಮತಿ ಇಲ್ಲದೆ ಸಾಲ ವಸೂಲಿ ಅಧಿಕಾರಿಗಳು ಒಳಗೆ ಬರುವಂತಿಲ್ಲ. ಸಾಲಕ್ಕೆ ಜಪ್ತಿ ಮಾಡಿದ ಸಾಮಾನನ್ನು ಹಗಲು ಹೊತ್ತಿನಲ್ಲೇ ಹೋಗಿ ವಾಪಸ್ ತಂದರು. ಅದಕ್ಕೆ ಮರುಜಪ್ತಿ ಎಂದು ಹೆಸರು. ಬಾಗಿಲು, ಪಾತ್ರೆ ಹೊತ್ತುಕೊಂಡು ಹೋಗಿ ಬಡವರ ಮಾನ ಕಳೆಯುವ ಪದ್ಧತಿಗೆ ಅಲ್ಲಿ ಪೆಟ್ಟು ಬಿತ್ತು. 1983ರಲ್ಲಿ ಗುಂಡೂರಾವ್ ಸರ್ಕಾರ ಬಿತ್ತು. ಅದಕ್ಕೆ ಬೇರೆ ಕಾರಣಗಳೂ ಇದ್ದವು ಅನ್ನಿ.

ಉಲ್ಟಾ ಉದಾಹರಣೆ ಬೇಕಿದ್ದರೆ ದೆಹಲಿಯ ರೈತ ಹೋರಾಟ ಇದೆ. ಕೇಂದ್ರದ ಕೃಷಿ ಕಾಯ್ದೆಗಳ ವಿರುದ್ಧ 2020ರ ನವೆಂಬರ್‌ನಿಂದ ಗಡಿಯಲ್ಲಿ ಕೂತ ರೈತರ ಪರವಾಗಿದ್ದ ಜನಾಭಿಪ್ರಾಯ 2021ರ ಜನವರಿ 26ರ ಕೆಂಪುಕೋಟೆಯ ಗಲಾಟೆಯಿಂದ ಒಂದೇ ದಿನದಲ್ಲಿ ಅಲ್ಲಾಡಿತು. ಮತ್ತೆ ಶಾಂತವಾಗಿ ಕೂತು ಅದನ್ನು ಗಳಿಸಬೇಕಾಯಿತು. ಕಾಯ್ದೆ ವಾಪಸ್ ಎಂಬ ಘೋಷಣೆ ಬಂದದ್ದು ನವೆಂಬರ್ 19ಕ್ಕೆ.

ಉಪವಾಸ ಕೂರುವುದೂ ಒಂದು ಥರ ಬಲವಂತ ಅಲ್ವಾ?

ಕೆಲವೊಮ್ಮೆ ಹೌದು. 1932ರಲ್ಲಿ ದಲಿತರಿಗೆ ಸಿಕ್ಕಿದ್ದ ಪ್ರತ್ಯೇಕ ಮತಕ್ಷೇತ್ರದ (ದಲಿತರೇ ತಮ್ಮ ಪ್ರತಿನಿಧಿಗಳನ್ನು ಆರಿಸುವ ವ್ಯವಸ್ಥೆಯ) ವಿರುದ್ಧ ಗಾಂಧೀಜಿ ಯರವಾಡ ಜೈಲಿನಲ್ಲಿ ಉಪವಾಸ ಕೂತರು. ಅವರ ಜೀವಕ್ಕೇನಾದರೂ ಆಗಿದ್ದರೆ ಅದರ ಸೇಡು ಹಳ್ಳಿ ಹಳ್ಳಿಯ ದಲಿತ ಕೇರಿಗಳ ಮೇಲೆ ಬೀಳುತ್ತಿತ್ತು. ಅಂಬೇಡ್ಕರ್ ಪುಣೆ ಒಪ್ಪಂದಕ್ಕೆ ಸಹಿ ಹಾಕಿದ್ದು ಆ ಒತ್ತಡದಲ್ಲಿ. ಮೀಸಲು ಸ್ಥಾನಗಳು 148ಕ್ಕೆ ಏರಿದವು, ಪ್ರತ್ಯೇಕ ಮತಕ್ಷೇತ್ರ ಹೋಯಿತು. ಬಲವುಳ್ಳವರು ಬಲವಿಲ್ಲದವರ ಎದುರು ಉಪವಾಸ ಕೂತರೆ ಅದನ್ನು ಸತ್ಯಾಗ್ರಹ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಈಗ ಸಂವಿಧಾನ, ಕೋರ್ಟು, ಓಟು ಎಲ್ಲ ಇದೆ. ಇನ್ನೂ ಸತ್ಯಾಗ್ರಹ ಯಾಕೆ?

ಅಂಬೇಡ್ಕರ್ ಅವರೇ ಈ ಮಾತು ಎತ್ತಿದ್ದರು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತಾಡುತ್ತಾ, ರಕ್ತಕ್ರಾಂತಿಯನ್ನು ಮಾತ್ರವಲ್ಲ, ಕಾನೂನು ಭಂಗ, ಅಸಹಕಾರ, ಸತ್ಯಾಗ್ರಹಗಳನ್ನೂ ಬಿಡಬೇಕು, ಸಂವಿಧಾನದ ದಾರಿ ತೆರೆದಿರುವಾಗ ಇವು ಅರಾಜಕತೆಯ ವ್ಯಾಕರಣ ಎಂದಿದ್ದರು. ಹೇಳಿದವರು ಮಹಾಡ್‌ನ ಸತ್ಯಾಗ್ರಹ ನಡೆಸಿದವರು ಎಂಬುದಕ್ಕೆ ಆ ಮಾತಿಗೆ ತೂಕ ಜಾಸ್ತಿ.

ಆದರೆ ಕಾಗೋಡಿಗೆ ಬನ್ನಿ. ಸಂವಿಧಾನ ಜಾರಿಯಾಗಿ ಒಂದು ವರ್ಷ ದಾಟಿತ್ತು. ದಾರಿ ತೆರೆದಿತ್ತು ನಿಜ. ಆದರೆ ಓದು ಬಾರದ, ಕಾಗದವಿಲ್ಲದ, ವಕೀಲರಿಗೆ ಕೊಡಲು ದುಡ್ಡಿಲ್ಲದ ಒಕ್ಕಲಿಗೆ ಆ ದಾರಿ ಕಾಣುವಂತಿರಲಿಲ್ಲ. ಗದ್ದೆಗಿಳಿದು ಜೈಲಿಗೆ ಹೋದ ಮೇಲೆ ಸದನದಲ್ಲಿ ಅವರ ಮಾತು ಬಂತು. ಹೋರಾಟ ಮತ್ತು ಕಾಯ್ದೆ ಇಲ್ಲಿ ಎದುರಾಳಿಗಳಾಗಿರಲಿಲ್ಲ. ಬರೀ ಹೋರಾಟ ಇದ್ದಿದ್ದರೆ 1951ರ ಮಳೆಗಾಲಕ್ಕೆ ಮುಗಿಯುತ್ತಿತ್ತು. ಬರೀ ಕಾಯ್ದೆ ಇದ್ದಿದ್ದರೆ 1961ರದ್ದರ ಹಾಗೆ ತೂತು ತೂತಾಗಿರುತ್ತಿತ್ತು.

ಇದಕ್ಕೆಲ್ಲ ಅಂಕಿಅಂಶ ಇದೆಯಾ?

ಇದೆ. ಎರಿಕಾ ಚೆನೊವೆತ್ ಮತ್ತು ಮರಿಯಾ ಸ್ಟೆಫಾನ್ ಎಂಬ ಇಬ್ಬರು ಸಂಶೋಧಕರು 1900ರಿಂದ 2006ರವರೆಗಿನ 323 ಹೋರಾಟಗಳನ್ನು ಹೋಲಿಸಿದರು. ಅಹಿಂಸೆಯವು ಶೇ. 53ರಷ್ಟು ಗೆದ್ದಿದ್ದವು, ಹಿಂಸೆಯವು ಶೇ. 26ರಷ್ಟು. ಇತ್ತೀಚಿನ ವರ್ಷಗಳಲ್ಲಿ ಅಹಿಂಸೆಯ ಹೋರಾಟಗಳ ಗೆಲುವೂ ಇಳಿದಿದೆ ಎಂದು ಚೆನೊವೆತ್ ಅವರೇ ಆಮೇಲೆ ಬರೆದಿದ್ದಾರೆ. ಅವರು ಎಣಿಸಿದ್ದು ಹೆಚ್ಚಾಗಿ ಸರ್ಕಾರ ಉರುಳಿಸುವ, ದೇಶ ಬಿಡಿಸಿಕೊಳ್ಳುವ ಹೋರಾಟಗಳನ್ನು. ಜಾತಿ, ಗೇಣಿ, ಕೆರೆ ನೀರಿಗೆ ಆ ಲೆಕ್ಕ ಹಾಗೇ ಹೊಂದುವುದಿಲ್ಲ.

ಭೂಸುಧಾರಣೆಯಿಂದ ಎಲ್ಲರಿಗೂ ಭೂಮಿ ಸಿಕ್ಕಿತಾ?

ಇಲ್ಲ. ಇದನ್ನು ಮುಚ್ಚಿಟ್ಟು ಕಾಗೋಡಿನ ಕಥೆ ಹೇಳಬಾರದು.

1974ರ ಕಾಯ್ದೆ ಗೇಣಿದಾರರಿಗೆ ಭೂಮಿ ಕೊಟ್ಟಿತು. ಗೇಣಿಯೂ ಇಲ್ಲದೆ ಕೂಲಿ ಮಾಡುತ್ತಿದ್ದವರಿಗೆ, ಅಂದರೆ ಬಹುಪಾಲು ದಲಿತರಿಗೆ, ಹೆಚ್ಚೇನೂ ಸಿಗಲಿಲ್ಲ. ಮಿತಿಗಿಂತ ಜಾಸ್ತಿ ಇರುವ ಭೂಮಿ ತೆಗೆದು ಅವರಿಗೆ ಕೊಡುತ್ತೇವೆ ಎಂದಿದ್ದರು. ಅಂಥ ಭೂಮಿ ಸಿಕ್ಕಿದ್ದು ಬಹಳ ಕಡಿಮೆ. ಒಡೆಯರ ಎದುರು ಗೆದ್ದ ಒಕ್ಕಲು ತನ್ನ ಗದ್ದೆಯ ಕೂಲಿಯವರಿಗೆ ತಾನೇ ಒಡೆಯನಾದದ್ದೂ ಉಂಟು. ಹಿಂಸೆ ಆಗಲಿ ಅಹಿಂಸೆ ಆಗಲಿ, ಹೋರಾಟಕ್ಕೆ ಬಂದವರ ಬೇಡಿಕೆ ಮಾತ್ರ ಈಡೇರುತ್ತದೆ. ಆ ಗುಂಪಿನಲ್ಲಿ ಯಾರ ದನಿ ಜೋರಾಗಿರಲಿಲ್ಲವೋ ಅವರು ಹಾಗೇ ಉಳಿಯುತ್ತಾರೆ.

ಸಿಕ್ಕಿದ್ದೂ ಗಟ್ಟಿ ಅಲ್ಲ. ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳಬಾರದು ಎಂಬ ತಡೆಯನ್ನು 2020ರ ತಿದ್ದುಪಡಿ ತೆಗೆದುಹಾಕಿತು. ಅದಕ್ಕೆ ಬಂದೂಕೂ ಬೇಕಾಗಲಿಲ್ಲ, ಸತ್ಯಾಗ್ರಹವೂ ಬೇಕಾಗಲಿಲ್ಲ.

ಅಹಿಂಸೆ ಸೋಲುವುದು ಎಲ್ಲಿ?

ಕೊಡುವುದಿಲ್ಲ ಎನ್ನಲು ಕೈಯಲ್ಲಿ ಏನೂ ಉಳಿಯದ ಕಡೆ. ಇದಕ್ಕೂ ಸಾಗರದಿಂದ ಆಚೆ ಹೋಗಬೇಕಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿಯ ನೀರಿನಲ್ಲಿ ಊರೂರುಗಳೇ ಮುಳುಗಿದವು. ಮುಳುಗಿದವರಲ್ಲಿ ಅದೇ ದೀವರು, ಅದೇ ಒಕ್ಕಲುಗಳು ಇದ್ದರು. ಅವರನ್ನು ಲಾರಿಯಲ್ಲಿ ತಂದು ಕಾಡಿನಲ್ಲಿ ಇಳಿಸಿದರು. ಆ ಜಾಗದ ಹಕ್ಕುಪತ್ರ ಎಷ್ಟೋ ಮನೆಗಳಿಗೆ ಇವತ್ತಿಗೂ ಸಿಕ್ಕಿಲ್ಲ. ಅವರು ಪಾದಯಾತ್ರೆ ಮಾಡಿದ್ದಾರೆ, ಧರಣಿ ಕೂತಿದ್ದಾರೆ, ಮನವಿ ಕೊಟ್ಟಿದ್ದಾರೆ. ಎಲ್ಲ ಪಕ್ಷದವರೂ ಭರವಸೆ ಕೊಟ್ಟಿದ್ದಾರೆ. ಅರಣ್ಯ ಇಲಾಖೆಯ ನೋಟಿಸು ಮಾತ್ರ ತಪ್ಪದೆ ಬರುತ್ತದೆ.

ಕಾಗೋಡಿನ ಒಕ್ಕಲು ಉಳುವುದಿಲ್ಲ ಎಂದಿದ್ದರೆ ಒಡೆಯರ ಕಣಜ ಖಾಲಿ. ಶರಾವತಿಯ ಸಂತ್ರಸ್ತರಿಂದ ಸರ್ಕಾರಕ್ಕೆ ಬೇಕಾದದ್ದು ಆಗಲೇ ಸಿಕ್ಕಿಬಿಟ್ಟಿದೆ. ಅವರ ಗದ್ದೆಯ ಮೇಲೆ ನಿಂತ ನೀರಿನಿಂದ 1,035 ಮೆಗಾವಾಟ್ ಸಾಮರ್ಥ್ಯದ ವಿದ್ಯುತ್ ಕೇಂದ್ರ ನಡೆಯುತ್ತಿದೆ. ಅವರು ಇನ್ನೇನನ್ನು ತಡೆಯಬೇಕು? ಉಳಿದಿರುವುದು ಓಟು. ಅದು ಹಲವು ತಾಲ್ಲೂಕುಗಳಲ್ಲಿ ಚದುರಿಹೋಗಿದೆ.